ಚಾಕಿ ಕ್ಲಾಸಿನ ಎರಡನೇ ಕನ್‌ಸ್ಟ್ರಕ್ಟರ್

ಅಕ್ಕ ಹೋದ ಮೇಲೆ ಭಾವ ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಅವಳ ಲ್ಯಾಪ್‌ಟಾಪನ್ನು ಚೊಕ್ಕಟ ಮಾಡಿಸಿದ್ದು. ಅದು ಆನ್ ಆಗುತ್ತಿರಲಿಲ್ಲ. ಚನ್ನಪಟ್ಟಣದ ಒಂದು ರಿಪೇರಿ ಅಂಗಡಿಗೆ ಕೊಟ್ಟರು. ಅಂಗಡಿಯವನು ಮೂರು ದಿನ ಇಟ್ಟುಕೊಂಡು, ಒಳಗಿದ್ದದ್ದನ್ನೆಲ್ಲ ಅಳಿಸಿ, ಪರದೆಯನ್ನು ಬಟ್ಟೆಯಲ್ಲಿ ಒರೆಸಿ ವಾಪಸು ಕೊಟ್ಟ. ಭಾವ ಅದನ್ನು ತಂದು ಹೆಮ್ಮೆಯಿಂದ ನನ್ನ ಮುಂದೆ ತೆರೆದಿಟ್ಟರು.

“ನೋಡಮ್ಮಿ, ಹೊಸದು ತಂದಂಗೈತೆ. ಒಳಗೆ ಒಂದು ಕಸ ಇಲ್ಲ.”

ಕಸವೂ ಇರಲಿಲ್ಲ, ಅಕ್ಕ ಐದು ವರ್ಷ ಕೂತು ಬರೆದ ಪ್ರೋಗ್ರಾಮೂ ಇರಲಿಲ್ಲ. ನಾನು ಅವರನ್ನು ಬೈಯಲಿಲ್ಲ. ಭಾವನನ್ನು ಬೈಯುವ ಕೆಲಸ ಅಕ್ಕನದು, ಅದರಲ್ಲಿ ಅವಳಿಗೆ ಸರಿಸಾಟಿ ಯಾರೂ ಇರಲಿಲ್ಲ. ನಾನು ಶುರು ಮಾಡಿದರೆ ಅರ್ಧಕ್ಕೆ ಅಳು ಬಂದುಬಿಡುತ್ತಿತ್ತು.

ಅವರದು ಕೆಂಗಲ್ ದಾಟಿ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಮೈಲಿ ಒಳಗಿರುವ ಊರು. ಅಲ್ಲಿ ಚಾಕಿ ಕೇಂದ್ರ ನಡೆಸುತ್ತಾರೆ. ರೇಷ್ಮೆ ಮೊಟ್ಟೆ ಒಡೆದು ಬರುವ ಹುಳು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ಬಲು ನಾಜೂಕು. ಮೊದಲ ಒಂದು ವಾರ ಅದನ್ನು ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ರೈತರಿಗೆ ಕೊಡುವುದು ಚಾಕಿ ಕೇಂದ್ರದ ಕೆಲಸ. ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಚರ್ಮ ಬಿಡುತ್ತದೆ. ಆಗ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಿದರೆ ಕೆಟ್ಟಿತು, ಎದ್ದಾಗ ಹಾಕದಿದ್ದರೂ ಕೆಟ್ಟಿತು. ಎರಡನೇ ಜ್ವರ ಮುಗಿದ ಮೇಲೆ ಹುಳು ರೈತರ ಕೈಗೆ ಹೋಗುತ್ತದೆ.

ಬೇರೆ ಕೇಂದ್ರಗಳು ಹುಳು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಅಕ್ಕ ಹುಳುವಿನ ಜೊತೆ ಒಂದು ಚೀಟಿ ಕೊಡುತ್ತಿದ್ದಳು. ಯಾವ ದಿನ ಎಷ್ಟು ಸೊಪ್ಪು, ಮೂರನೇ ಜ್ವರಕ್ಕೆ ಯಾವ ದಿನ ಎಷ್ಟು ಹೊತ್ತಿಗೆ ಕೂರುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ ಯಾವತ್ತು ಬಿಡಬೇಕು, ಎಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಆ ಚೀಟಿ ಬರುತ್ತಿದ್ದದ್ದು ಅವಳೇ ಜಾವಾದಲ್ಲಿ ಬರೆದ ಪ್ರೋಗ್ರಾಮಿನಿಂದ. ನಾವಿಬ್ಬರೂ ಕಂಪ್ಯೂಟರ್ ಡಿಪ್ಲೊಮಾ ಓದಿದವರು. ನಾನು ಶಾಲೆಯಲ್ಲಿ ಮಕ್ಕಳಿಗೆ ಮೌಸ್ ಹಿಡಿಯುವುದು ಕಲಿಸಿದೆ. ಅವಳು ಹುಳುವಿಗೆ ಕ್ಲಾಸ್ ಬರೆದಳು. ಕನಕಪುರದ ಕಡೆಯ ದೊಡ್ಡಆಲಹಳ್ಳಿಯಿಂದ ಒಬ್ಬರು ರೈತರು, ಹತ್ತಿರದಲ್ಲೇ ಎರಡು ಕೇಂದ್ರಗಳಿದ್ದರೂ, ಗೂಡ್ಸ್ ಆಟೊ ಮಾಡಿಕೊಂಡು ಇಲ್ಲಿಗೇ ಬರುತ್ತಿದ್ದರು. “ಹುಳ ಎಲ್ಲಾ ಕಡೆ ಸಿಗ್ತವೆ ಕಣವ್ವ, ಚೀಟಿ ಎಲ್ಲೈತೆ?” ಅನ್ನುತ್ತಿದ್ದರು.

ಪ್ರೋಗ್ರಾಮಿನ ಮೂಲ ಹೋಯಿತು. ಉಳಿದದ್ದು ಕೇಂದ್ರದ ಹಜಾರದಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ, ಓಡುವ ರೂಪದಲ್ಲಿದ್ದ ಒಂದೇ ಒಂದು ಫೈಲ್. ಕ್ಲಿಕ್ ಮಾಡಿದರೆ ಕಿಟಕಿ ತೆರೆಯುತ್ತದೆ. ರೈತರ ಹೆಸರು, ಮೊಟ್ಟೆಯ ಲೆಕ್ಕ, ದಿನಾಂಕ ತುಂಬಿದರೆ ಚೀಟಿ ಬರುತ್ತದೆ. ಭಾವ ಅಷ್ಟನ್ನು ಕಲಿತಿದ್ದರು. ಎಂಟು ತಿಂಗಳು ಹಾಗೇ ನಡೆಯಿತು.

ಆಮೇಲೆ ಅವರು ಬಿಳಿ ಗೂಡಿನ ತಳಿಯ ಮೊಟ್ಟೆ ತಂದರು.

ಅಲ್ಲಿಯವರೆಗೆ ಕೇಂದ್ರದಲ್ಲಿ ಸಾಕುತ್ತಿದ್ದದ್ದು ಹಳದಿ ಗೂಡು ಕಟ್ಟುವ ಮಿಶ್ರ ತಳಿ. ಬಿಳಿ ಗೂಡಿನದು ಇನ್ನೂ ನಾಜೂಕು. ಸೊಪ್ಪಿನ ಅಳತೆ ಬೇರೆ, ಜ್ವರದ ಹೊತ್ತು ಬೇರೆ. ಆರು ಜನ ರೈತರು ಮೊದಲ ಸಲ ಅದನ್ನು ಸಾಕಲು ಒಪ್ಪಿದ್ದರು, ಮಾಗಡಿ ಕಡೆಯವರಿಬ್ಬರು, ಕನಕಪುರದ ಕಡೆಯವರು ನಾಲ್ವರು. ಒಪ್ಪಿದ್ದು ಚೀಟಿಯ ಧೈರ್ಯದ ಮೇಲೆ. ಹಳೆಯ ಅಂದಾಜಿನಲ್ಲಿ ಸೊಪ್ಪು ಹಾಕಿದರೆ ಆರು ಮನೆಯ ಹುಳುವೂ ಹೋಗುತ್ತದೆ. ಕಿಟಕಿಯಲ್ಲಿ ನೋಡಿದರೆ ತಳಿ ಆರಿಸುವ ಜಾಗವೇ ಇಲ್ಲ.

“ಇಲ್ದೆ ಏನು?” ಎಂದರು ಭಾವ. “ಬಿಳೀದೂ ಹಾಕಿಟ್ಟಿದ್ದೀನಿ, ಬಟನ್ ಒಂದು ಬಾಕಿ ಅಂತ ಅವ್ಳೇ ಏಳಿದ್ಲು. ಅದ್ಕೇ ಧೈರ್ಯವಾಗಿ ಒಪ್ಕಂಡ್ಬುಟ್ಟೆ. ನೀನು ಒಂದು ಬಟನ್ ಹಾಕ್ಬುಡಮ್ಮಿ. ಅಂಗಿಗೆ ಹಾಕಕಿಲ್ವಾ?”

ಆವತ್ತು ಭಾನುವಾರ. ಬುಧವಾರ ಬೆಳಿಗ್ಗೆ ಹುಳು ರೈತರ ಕೈಗೆ ಹೋಗಬೇಕು.

ಮೂಲ ಬರಹವಿಲ್ಲದ ಪ್ರೋಗ್ರಾಮಿಗೆ ಗುಂಡಿ ಹೊಲಿಯಲು ಬರುವುದಿಲ್ಲ. ಆದರೆ ಅಕ್ಕ ನಿಜವಾಗಿ ಬಿಳಿ ತಳಿಯದನ್ನು ಬರೆದಿದ್ದರೆ ಅದು ಆ ಫೈಲಿನೊಳಗೆ ಎಲ್ಲೋ ಇರಬೇಕು. ಜಾವಾದಲ್ಲಿ ರಿಫ್ಲೆಕ್ಷನ್ ಎಂಬ ವಿದ್ಯೆ ಇದೆ. ಮೂಲ ಬರಹ ಕೈಯಲ್ಲಿಲ್ಲದಿದ್ದರೂ ಒಂದು ಕ್ಲಾಸನ್ನೇ ಹಿಡಿದು, ನಿನ್ನೊಳಗೆ ಏನೇನಿದೆ ಎಂದು ವಿಚಾರಿಸಬಹುದು. ಡಿಪ್ಲೊಮಾದಲ್ಲಿ ನಮಗೆ ಅದನ್ನು ಕಲಿಸಿರಲಿಲ್ಲ. ರಾಮನಗರದಿಂದ ಬರುವ ರೈಲಿನಲ್ಲಿ ಮೊಬೈಲ್ ಹಿಡಿದು ವಿಡಿಯೊ ನೋಡಿ ಅರೆಬರೆ ಕಲಿತಿದ್ದೆ. ಫೈಲನ್ನು ಪೂರ್ತಿ ಬಿಚ್ಚಿ ಮೂಲ ಬರಹವನ್ನೇ ಹೆಚ್ಚುಕಡಿಮೆ ವಾಪಸು ತರುವ ಸಾಧನಗಳಿವೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ಗೊತ್ತಿದ್ದರೆ ಖಂಡಿತ ಅದನ್ನೇ ಮಾಡುತ್ತಿದ್ದೆ.

ಕ್ಲಾಸಿನ ಹೆಸರು ‘ಚಾಕಿ’. ಅಕ್ಕ ಎಲ್ಲಕ್ಕೂ ನಮ್ಮ ಮಾತಿನ ಹೆಸರೇ ಇಟ್ಟಿದ್ದಳು. ನಾನು ಹುಡುಕಬೇಕಾದದ್ದು ಅದರ ಕನ್‌ಸ್ಟ್ರಕ್ಟರ್‌ಗಳನ್ನು. ಕ್ಲಾಸ್ ಎಂದರೆ ಬರೀ ನಮೂನೆ. ಅದರಿಂದ ಒಂದು ನಿಜವಾದ ಚಾಕಿ ಹುಟ್ಟಬೇಕಾದರೆ ಕನ್‌ಸ್ಟ್ರಕ್ಟರನ್ನು ಕರೆಯಬೇಕು. ನನಗೆ ಇಂತಿಂಥದ್ದು, ಇಂಥ ಕ್ರಮದಲ್ಲಿ ಕೊಡು, ಹುಟ್ಟಿಸಿಕೊಡುತ್ತೇನೆ ಎನ್ನುತ್ತದೆ ಅದು. ಒಂದೇ ಕ್ಲಾಸಿಗೆ ಎರಡು ಮೂರು ಕನ್‌ಸ್ಟ್ರಕ್ಟರ್ ಇರಬಹುದು.

ಹತ್ತು ಸಾಲು ಬರೆದು, ಚಾಕಿಯ ಕನ್‌ಸ್ಟ್ರಕ್ಟರ್‌ಗಳ ಪಟ್ಟಿ ಕೊಡು ಎಂದು ಕೇಳಿದೆ. ಒಂದೇ ಒಂದು ಬಂತು. ಒಂದು ಹೆಸರು, ಒಂದು ಅಂಕಿ, ಒಂದು ದಿನಾಂಕ ಕೇಳುವಂಥದ್ದು. ಅದು ಹಳದಿ ಗೂಡಿನದು, ಕಿಟಕಿ ದಿನವೂ ಕರೆಯುವುದು ಅದನ್ನೇ.

“ಇಲ್ಲ ಭಾವ,” ಎಂದೆ. “ಅಕ್ಕ ಬರೆದಿಲ್ಲ.”

“ಬರ್ದವ್ಳೆ.”

“ಪಟ್ಟಿಯಲ್ಲಿ ಇಲ್ಲ.”

“ಪಟ್ಟೀಲಿ ಇಲ್ದಿದ್ರೆ ಪಟ್ಟಿ ಸರಿ ಇಲ್ಲ. ಅವ್ಳು ಏಳಿದ್ಮೇಲೆ ಮುಗೀತು.”

ಅವರು ಹುಳುವಿನ ಕೋಣೆಗೆ ಹೋದರು. ನಾನು ಹಜಾರದಲ್ಲೇ ಕೂತೆ. ಅಕ್ಕ ಹೋದ ಮೇಲೆ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಸೊಪ್ಪಿನ ತಟ್ಟೆ ಹಿಡಿದುಕೊಂಡು ಅವಳು ಕುಸಿದದ್ದು ಅಲ್ಲೇ. ಹೃದಯ ಎಂದರು ಡಾಕ್ಟರು. ನಮ್ಮ ಮನೆತನದಲ್ಲಿ ಸೂತಕ ಇಲ್ಲವೆಂದು ಅಪ್ಪ ಹೇಳುತ್ತಿದ್ದರು, ಆದರೆ ಮೈಲಿಗೆ ತಾಗಿದರೆ ಹುಳು ಕೆಡುತ್ತದೆಂದು ಎಲ್ಲರಿಗೂ ಭಯ. ಆ ಹನ್ನೊಂದು ದಿನ ಕೇರಿಯವರೇ ಬಂದು ಹುಳು ನೋಡಿಕೊಂಡರು, ನಮ್ಮನ್ನು ಒಳಗೆ ಬಿಡಲಿಲ್ಲ. ಹನ್ನೆರಡನೇ ದಿನ ಭಾವ ಒಳಗೆ ಹೋದರು. ನಾನು ಹೋಗಲಿಲ್ಲ. ಕೇಳಿದವರಿಗೆಲ್ಲ, ನನಗೆ ಹುಳುವಿನ ತಟ್ಟೆಗೆ ಉದುರಿಸುವ ಸುಣ್ಣದ ಪುಡಿ ಆಗುವುದಿಲ್ಲ, ಸೀನು ಬರುತ್ತದೆ ಎಂದು ಹೇಳಿದೆ. ಎಂಟು ತಿಂಗಳು ಸೀನಿನ ನೆಪದಲ್ಲೇ ಕಳೆದಿತ್ತು.

ಮಧ್ಯಾಹ್ನ ಊಟವಾದ ಮೇಲೆ ಹೊಳೆಯಿತು. ನಾನು ಕೇಳಿದ್ದು ಸಾರ್ವಜನಿಕ ಕನ್‌ಸ್ಟ್ರಕ್ಟರ್‌ಗಳ ಪಟ್ಟಿ. ಹೊರಗಿನವರು ಕರೆಯಬಹುದಾದವು ಮಾತ್ರ ಅದರಲ್ಲಿ ಬರುತ್ತವೆ. ಬರೆದಿರುವುದನ್ನೆಲ್ಲ ತೋರಿಸು ಎಂದು ಕೇಳಲು ಬೇರೆ ಆಜ್ಞೆಯೇ ಇದೆ, ‘ಗೆಟ್ ಡಿಕ್ಲೇರ್ಡ್ ಕನ್‌ಸ್ಟ್ರಕ್ಟರ್ಸ್’. ಒಂದು ಪದದ ವ್ಯತ್ಯಾಸ. ಬರೆದು ಓಡಿಸಿದೆ. ಎರಡು ಬಂದವು. ಎರಡನೆಯದರ ಮುಂದೆ ‘ಪ್ರೈವೇಟ್’ ಎಂದಿತ್ತು. ಅದು ಒಂದು ಹೆಸರು, ಒಂದು ಅಂಕಿ, ಒಂದು ದಿನಾಂಕ, ಮತ್ತೆ ಇನ್ನೊಂದು ಅಂಕಿ ಕೇಳುತ್ತಿತ್ತು.

“ಭಾವಾ, ಇದೆ!”

“ನಾನು ಏಳ್ನಿಲ್ವಾ?” ಎಂದು ಒಳಗಿನಿಂದಲೇ ಕೂಗಿದರು.

ಕರೆದು ನೋಡಿದೆ. ಪ್ರೈವೇಟ್ ಆದದ್ದನ್ನು ಹೊರಗಿನವರು ಕರೆಯುವಂತಿಲ್ಲ ಎಂದು ಜಾವಾ ತಿರಸ್ಕರಿಸಿತು. ಅದಕ್ಕೂ ದಾರಿ ಇದೆ. ‘ಸೆಟ್ ಆಕ್ಸೆಸಿಬಲ್’ ಎಂದು ಒಂದು ಸಾಲು ಬರೆದರೆ ಬಾಗಿಲು ತೆರೆಯುತ್ತದೆ. ಚಿಕ್ಕವಳಿದ್ದಾಗ ಅಕ್ಕನ ಡಬ್ಬದಿಂದ ಕೇಳದೆ ಎಷ್ಟು ರಿಬ್ಬನ್ ತೆಗೆದುಕೊಂಡಿದ್ದೆನೋ ಲೆಕ್ಕವಿಲ್ಲ. ಇದೂ ಒಂದು ಎಂದುಕೊಂಡು ಬರೆದೆ.

ಈಗ ಉಳಿದದ್ದು ಕೊನೆಯ ಅಂಕಿ. ಕನ್‌ಸ್ಟ್ರಕ್ಟರ್ ಅಂಕಿ ಬೇಕು ಎನ್ನುತ್ತದೆ, ಯಾಕೆ ಬೇಕು ಎನ್ನುವುದಿಲ್ಲ. ಮೂಲದಲ್ಲಿ ಅಕ್ಕ ಅದಕ್ಕೆ ಒಂದು ಹೆಸರು ಇಟ್ಟಿರುತ್ತಾಳೆ, ಆದರೆ ಓಡುವ ಫೈಲಿನಲ್ಲಿ ಆ ಹೆಸರು ಉಳಿದಿರಲಿಲ್ಲ. ‘ಆರ್ಗ್ ಮೂರು’ ಎಂದಷ್ಟೇ ತೋರಿಸಿತು, ಜಾವಾ ಎಣಿಸುವುದು ಸೊನ್ನೆಯಿಂದ. ತಳಿಯ ನಂಬರ್ ಇರಬಹುದೆಂದು 1 ಕೊಟ್ಟೆ. ಪರದೆಯ ತುಂಬ ಕೆಂಪು ಅಕ್ಷರ ಸುರಿಯಿತು. ರಿಫ್ಲೆಕ್ಷನ್‌ನಲ್ಲಿ ಇದೊಂದು ತಮಾಷೆ. ಒಳಗೆ ಏನಾದರೂ ತಪ್ಪಾದರೆ ಅದು ನೇರವಾಗಿ ಹೇಳುವುದಿಲ್ಲ. ನಾನು ಕರೆದೆ, ಒಳಗಿನವರು ಬೇಡ ಎಂದರು, ಯಾಕೆಂದು ಅವರನ್ನೇ ಕೇಳು ಎನ್ನುತ್ತದೆ. ಕಾರಣ ಕೊಡು ಎಂದು ಇನ್ನೊಂದು ಸಾಲು ಬರೆದೆ. ಕನ್ನಡದಲ್ಲಿ ಬಂತು:

“1 ಗಂಟೆಗೇ ಎದ್ದ ಹುಳಾನ ನಾನು ಕಂಡಿಲ್ಲ. ಒಳಗೋಗಿ ನೋಡ್ಕಂಡು ಬಾ.”

ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಅಕ್ಕ ತನ್ನ ಪ್ರೋಗ್ರಾಮಿನಲ್ಲಿ ತಪ್ಪಿನ ಸಂದೇಶಗಳನ್ನು ಹೀಗೆ ಬರೆದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ನನಗೆಂದು ಬರೆದದ್ದಲ್ಲ ಅದು. ತಪ್ಪು ಅಂಕಿ ಕೊಡುವ ಯಾರಿಗಾದರೂ, ಮುಖ್ಯವಾಗಿ ಭಾವನಿಗೆ. ಆದರೂ ಬೈಗುಳ ನನ್ನ ಪಾಲಿಗೆ ಬಂತು. ನಗು ಬಂತು, ಕಣ್ಣೂ ತುಂಬಿತು. ಎರಡು ಕೊಟ್ಟೆ. “2 ಗಂಟೆಗೇ ಎದ್ದ ಹುಳಾನ ನಾನು ಕಂಡಿಲ್ಲ.” ಅಂತೂ ಇದು ಹುಳು ಜ್ವರದಲ್ಲಿ ಕೂತ ಗಂಟೆಗಳ ಲೆಕ್ಕ.

ಒಂದರಿಂದ ಇಪ್ಪತ್ನಾಲ್ಕರವರೆಗೆ ಒಂದೊಂದೇ ಕೊಡಿಸಿದೆ. ಹದಿನೈದು ಸಲ ಬೈಸಿಕೊಂಡೆ. ಹದಿನಾರರಿಂದ ಚೀಟಿ ಬಂತು. ತೊಂದರೆ ಏನೆಂದರೆ, ಒಂದೊಂದು ಅಂಕಿಗೆ ಒಂದೊಂದು ಚೀಟಿ. ಹದಿನಾರಕ್ಕೆ ನಾಲ್ಕನೇ ಜ್ವರ ಒಂದು ದಿನ ಬಂದರೆ ಇಪ್ಪತ್ನಾಲ್ಕಕ್ಕೆ ಮಾರನೇ ದಿನ ಬರುತ್ತಿತ್ತು. ಚೀಟಿಗಳನ್ನು ಭಾವನ ಮುಂದೆ ಹರಡಿದೆ. ಅವರು ತಲೆ ಕೆರೆದುಕೊಂಡು ಒಂದು ವಿಷಯ ನೆನಪು ಮಾಡಿಕೊಂಡರು. ಬಿಳಿ ಹುಳು ಕೋಣೆಯ ಸೆಕೆ ತಂಪಿಗೆ ತಕ್ಕಂತೆ ನಡೆದುಕೊಳ್ಳುತ್ತದೆ, ಎರಡನೇ ಜ್ವರದಲ್ಲಿ ಎಷ್ಟು ಹೊತ್ತು ಮಲಗಿತು ಎಂದು ನೋಡಿದರೆ ಮುಂದಿನದ್ದೆಲ್ಲ ತಿಳಿಯುತ್ತದೆ ಎಂದು ಅಕ್ಕ ಹೇಳುತ್ತಿದ್ದಳಂತೆ.

ಅಂದರೆ ಆ ಅಂಕಿ ಕಂಪ್ಯೂಟರಿನಲ್ಲಿ ಇರಲಿಲ್ಲ, ಪಕ್ಕದ ಕೋಣೆಯ ತಟ್ಟೆಯಲ್ಲಿತ್ತು.

“ಅದಕ್ಕೇನು, ನಾನು ನೋಡಿ ಏಳ್ತೀನಿ,” ಎಂದರು ಭಾವ. ನನಗೂ ಅದೇ ಅನುಕೂಲವಾಗಿತ್ತು. ನಾನು ಮನೆಗೆ ಹೊರಟೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹುಳು ಕೂತಿತು ಎಂದು ಫೋನ್ ಬಂತು. ಮಂಗಳವಾರ ಮಧ್ಯಾಹ್ನ ಒಂದಕ್ಕೆ ಇನ್ನೊಂದು ಫೋನ್. “ಎದ್ದೊ ಕಣಮ್ಮಿ!” ಇಪ್ಪತ್ತೇಳು ಗಂಟೆ. ಶಾಲೆ ಬಿಟ್ಟವಳೇ ಬಸ್ ಹತ್ತಿ ಕೇಂದ್ರಕ್ಕೆ ಹೋದೆ. ಭಾವ ಪಕ್ಕದಲ್ಲಿ ನಿಂತು ನೋಡುತ್ತಿರುವಾಗ 27 ಎಂದು ಕೊಟ್ಟೆ. ಮತ್ತೆ ಕೆಂಪು ಅಕ್ಷರ. ಕಾರಣ ಕೇಳಿದೆ.

“27 ಅಂದ್ರೆ ಸೊಪ್ಪು ಹಾಕಿದ ಹೊತ್ತು. ನಾನು ಕೇಳಿದ್ದು ಹುಳ ಮಿಸುಕಿದ ಹೊತ್ತು.”

ಭಾವ ಕನ್ನಡಕ ಏರಿಸಿ ಎರಡು ಸಲ ಓದಿದರು.

“ನನ್ಗೇ ಬರ್ದವ್ಳೆ,” ಎಂದರು.

“ಹೌದಾ ಭಾವ? ಸೊಪ್ಪು ಹಾಕಿದ ಹೊತ್ತಾ ಅದು?”

“ಬೆಳಿಗ್ಗೆ ಕೆಂಗಲ್‌ಗೋಗಿದ್ದೆ, ಆಂಜನೇಯನ ಗುಡೀಗೆ. ಬಂದು, ಸ್ನೇಹಿತ ಸಿಕ್ಕಿ ಕಾಪಿ ಕುಡ್ದು, ನೋಡ್ತೀನಿ, ಎಲ್ಲಾ ಎದ್ಬುಟ್ಟವೆ. ಸೊಪ್ಪಾಕ್ದೆ. ಫೋನ್ ಮಾಡ್ದೆ. ನಮ್ಮ ಕಡೆ ಎದ್ದೊ ಅಂದ್ರೆ ಸೊಪ್ಪಾಕ್ದೊ ಅಂತ್ಲೇ ಕಣಮ್ಮಿ. ಬರೀ ಎದ್ದಿದ್ದನ್ನ ಯಾರು ಲೆಕ್ಕ ಇಡ್ತಾರೆ?”

ಅದು ನಿಜ. ಯಾವ ರೈತರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಹುಳು ಎಷ್ಟು ಹೊತ್ತಿಗೆ ಎದ್ದಿತು ಎಂದರೆ ಮನೆಯವರು ಎಷ್ಟು ಹೊತ್ತಿಗೆ ಸೊಪ್ಪು ಹಾಕಿದರು ಎಂದೇ ಉತ್ತರ. ಅಕ್ಕನಿಗೆ ಅದು ಗೊತ್ತಿತ್ತು. ಸದ್ಯಕ್ಕೆ ನಮ್ಮ ಕೈಯಲ್ಲಿ ಸರಿಯಾದ ಅಂಕಿ ಇರಲಿಲ್ಲ, ಬೆಳಗಾದರೆ ರೈತರು ಬರುತ್ತಾರೆ.

“ಇನ್ನೊಂದು ತಂಡ ಐತೆ,” ಎಂದರು ಭಾವ. ಮೊಟ್ಟೆ ಎಲ್ಲ ಒಂದೇ ದಿನ ಒಡೆಯುವುದಿಲ್ಲ. ಸ್ವಲ್ಪ ಭಾಗ ಒಂದು ದಿನ ತಡವಾಗಿ ಒಡೆದಿತ್ತು. ಅದೇ ತಳಿ, ಅದೇ ಕೋಣೆ. ಆ ತಂಡ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೂತಿತ್ತು. ಅದರಲ್ಲಿ ಅನುಮಾನವಿರಲಿಲ್ಲ, ಅವರು ನೋಡಿಯೇ ಗುಡಿಗೆ ಹೊರಟದ್ದು. ಏಳುವುದು ಬುಧವಾರ ಬೆಳಕು ಹರಿಯುವ ಹೊತ್ತಿಗೆ.

“ನೀವು ನೋಡ್ತೀರಾ?”

“ನೋಡ್ತೀನಿ. ಆದ್ರೆ ನಾನು ನೋಡಿದ್ದನ್ನ ಇದು ನಂಬ್ತೈತಾ?” ಎಂದು ಪರದೆಯ ಕಡೆ ಬೆರಳು ತೋರಿಸಿದರು. “ನೀನು ಬಾ. ಸೀನು ಬಂದ್ರೆ ಹೊರಗೆ ಬಂದು ಸೀನು.”

ಅವರಿಗೆ ಮೊದಲಿಂದಲೂ ಗೊತ್ತಿತ್ತು ಎಂದು ಆಗ ಅರ್ಥವಾಯಿತು.

ರಾತ್ರಿ ಅಲ್ಲೇ ಉಳಿದು, ಬುಧವಾರ ಬೆಳಿಗ್ಗೆ ಐದೂವರೆಗೆ ಔಷಧದ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ. ಕೋಣೆ ಬೆಚ್ಚಗಿತ್ತು. ಹೆಚ್ಚಿದ ಸೊಪ್ಪಿನ ವಾಸನೆ, ಒದ್ದೆ ಗೋಣಿಚೀಲದ ವಾಸನೆ. ತಟ್ಟೆಗಳು ಒಂದರ ಮೇಲೊಂದು, ಮೊದಲಿದ್ದ ಹಾಗೇ. ಅಕ್ಕ ಬಿದ್ದ ಜಾಗದಲ್ಲಿ ಏನೂ ಇರಲಿಲ್ಲ, ಒಂದು ಬಕೆಟ್ ಇತ್ತು. ನಾನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ಸೀನು ಬರಲಿಲ್ಲ.

ತಂಡ ಎದ್ದಿತು ಎಂದು ಹೇಗೆ ಗೊತ್ತಾಗುವುದು ಎಂದು ಕೇಳಿದೆ. “ಬಳೆ ಇಕ್ಕಿ ಎಣಿಸ್ತಿದ್ಲು,” ಎಂದರು ಭಾವ. ತಟ್ಟೆಯ ನಡುವೆ ಒಂದು ಬಳೆ ಇಟ್ಟು, ಅದರೊಳಗಿನ ಹುಳುಗಳನ್ನು ಮಾತ್ರ ನೋಡುವುದು. ನೂರಕ್ಕೆ ಐದು ಮಾತ್ರ ಕೂತಿದ್ದರೆ ತಂಡ ಎದ್ದಂತೆ. ನನ್ನ ಕೈಯಿಂದ ಒಂದು ಗಾಜಿನ ಬಳೆ ತೆಗೆದು ಮೆಲ್ಲಗೆ ಇಟ್ಟೆ. ಒಳಗೆ ನಲವತ್ತು ಹುಳು ಬಂದವು. ಎಲ್ಲ ಕತ್ತೆತ್ತಿ ಕಲ್ಲಿನಂತೆ ಕೂತಿದ್ದವು. ಆರು ಗಂಟೆಗೆ ಒಂದು ಅಲ್ಲಾಡಿತು. ಹಳೆಯ ಚರ್ಮ ಹಿಂದೆ ಬಿಟ್ಟು, ಎಲ್ಲಿದ್ದೇನೆ ಎಂಬಂತೆ ಆ ಕಡೆ ಈ ಕಡೆ ನೋಡಿತು. ಆಮೇಲೆ ಮೂರು, ಏಳು. ಬಳೆಯ ಮೇಲೇ ಹತ್ತಿ ಹೊರಗೆ ಹೋದದ್ದೂ ಒಂದಿತ್ತು. ಆರು ನಲವತ್ತಕ್ಕೆ ಎರಡು ಮಾತ್ರ ಕೂತೇ ಉಳಿದವು.

“ಈಗ,” ಎಂದೆ.

“ಸೊಪ್ಪಾಕ್ಲಾ?”

“ಸ್ವಲ್ಪ ತಾಳಿ ಭಾವ! ಬರೆದುಕೊಳ್ಳುತ್ತೇನೆ.”

ಎಂಟರಿಂದ ಆರು ನಲವತ್ತು. ಇಪ್ಪತ್ತೆರಡು ಗಂಟೆ ನಲವತ್ತು ನಿಮಿಷ. ಕನ್‌ಸ್ಟ್ರಕ್ಟರ್ ಕೇಳುವುದು ಪೂರ್ಣ ಅಂಕಿ, ಅದಕ್ಕೆ ನಿಮಿಷ ಬೇಡ. 23 ಕೊಟ್ಟೆ. ಯಾರೂ ಬೈಯಲಿಲ್ಲ. ಪ್ರಿಂಟರು ಕರಕರ ಎಂದಿತು. ಆರು ರೈತರ ಹೆಸರಿನಲ್ಲಿ ಆರು ಚೀಟಿ ಬಂದವು. ಭಾವ ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದರು. ಓದಿ ಮುಗಿಸಿ, ಹಿಂದಕ್ಕೆ ತಿರುಗಿ ಮೂಗು ಒರೆಸಿಕೊಂಡರು. ಸುಣ್ಣದ ಪುಡಿ ಎಂದರು.

ಎಂಟಕ್ಕೆ ಗೂಡ್ಸ್ ಆಟೊಗಳು ಬಂದವು. ದೊಡ್ಡಆಲಹಳ್ಳಿಯವರು ಹುಳುವಿನ ತಟ್ಟೆಗಿಂತ ಮೊದಲು ಚೀಟಿಗೆ ಕೈ ಚಾಚಿದರು.

“ಏನ್ಲಾ, ಇದು ನೀನು ಬರ್ದಿದ್ದಾ?” ಎಂದು ಭಾವನನ್ನು ಕೇಳಿದರು. ಇಬ್ಬರೂ ಒಂದೇ ವಯಸ್ಸಿನವರು.

“ನಾನು ಬರುದ್ರೆ ನೀನು ತಗೋತಿದ್ಯೇನ್ಲಾ? ಅವ್ಳದ್ದೇ. ಅಂಕಿ ಮಾತ್ರ ಇವಮ್ಮಂದು.”

ಅವರು ನನ್ನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿ ಜೇಬಿಗೆ ಮಡಚಿಟ್ಟುಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ನಾಲ್ಕು ದಿನ ನನಗೆ ಪಾಠದ ಮೇಲೆ ಗಮನವಿರಲಿಲ್ಲ. ಕರಿ ಹಲಗೆಯ ಮೇಲೆ ಏನೋ ಬರೆಯುತ್ತಿದ್ದೆ, ಮನಸ್ಸು ಆರು ಮನೆಯ ತಟ್ಟೆಗಳಲ್ಲಿತ್ತು. ಕನ್‌ಸ್ಟ್ರಕ್ಟರನ್ನು ಕರೆದೆ ಎಂದ ಮಾತ್ರಕ್ಕೆ ಸರಿಯಾಗಿ ಕರೆದೆ ಎಂದಲ್ಲವಲ್ಲ.

ಮೂರನೇ ಜ್ವರದ ದಿನ ಹನ್ನೊಂದೂಕಾಲಕ್ಕೆ ದೊಡ್ಡಆಲಹಳ್ಳಿಯಿಂದ ಫೋನ್ ಬಂತು.

“ಟೀಚರಮ್ಮ, ನಿನ್ನ ಚೀಟೀಲಿ ಹತ್ತು ಗಂಟೆ ಅಂತ ಐತೆ.”

“ಹೌದು,” ಎಂದೆ.

“ನಮ್ಮವು ಹನ್ನೊಂದಕ್ಕೆ ಕುಂತೊ. ಒಂದು ಗಂಟೆ ಲೇಟು.” ನಕ್ಕರು. “ನಮ್ಮ ಬಸ್ಸಿಗಿಂತ ವಾಸಿ ಬುಡವ್ವ. ಸೊಪ್ಪು ನಿಲ್ಸಿದ್ದೀನಿ. ನಾಳೆ ಎದ್ದಾಗ ಹಾಕ್ತೀನಿ. ಒಂದೇ ಒಂದು ಮಾತು, ಅಕ್ಷರ ಒಸಿ ದಪ್ಪ ಮಾಡಕ್ಕಾಯ್ತದಾ?”

ಆಗುವುದಿಲ್ಲ. ಒಳಗಿರುವುದನ್ನು ಕರೆಯಬಹುದೇ ಹೊರತು ನಾನು ಬದಲಾಯಿಸುವಂತಿಲ್ಲ. ಅದನ್ನೆಲ್ಲ ವಿವರಿಸದೆ, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಕಳಿಸುತ್ತೇನೆ ಎಂದೆ.

ಆರು ಮನೆಯಲ್ಲೂ ಹುಳು ನಾಲ್ಕು ಜ್ವರ ದಾಟಿ ಗೂಡು ಕಟ್ಟಿತು. ಮಾಗಡಿಯ ಒಬ್ಬರದ್ದು ಸ್ವಲ್ಪ ತೆಳುವಾಯಿತು, ಅದು ಸೊಪ್ಪಿನ ಕೊರತೆ, ಚೀಟಿಯದ್ದಲ್ಲ ಎಂದು ಅವರೇ ಹೇಳಿದರು. ಭಾವ ಮತ್ತೆ ಬಿಳಿ ಮೊಟ್ಟೆ ತಂದಿದ್ದಾರೆ. ಹೋದ ವಾರ ಒಡೆದಿದೆ, ನಾಡಿದ್ದು ಎರಡನೇ ಜ್ವರಕ್ಕೆ ಕೂರುತ್ತದೆ. ನಾನು ಶಾಲೆಯಲ್ಲಿ ಅರ್ಧ ದಿನದ ರಜೆ ಕೇಳಿದೆ. ಮುಖ್ಯೋಪಾಧ್ಯಾಯರು ಅರ್ಜಿಯ ಮೇಲೆ ಕಣ್ಣಾಡಿಸಿ, ಕಾರಣದ ಜಾಗ ಖಾಲಿ ಬಿಟ್ಟಿದ್ದೀರಲ್ಲ ಎಂದರು. ಸ್ವಲ್ಪ ಯೋಚಿಸಿ, ‘ಅಕ್ಕನ ಮನೆಯಲ್ಲಿ ಕೆಲಸ’ ಎಂದು ಬರೆದು ಕೊಟ್ಟೆ.